ಒತ್ತು ಬಿದ್ದಲ್ಲಿ ಸ್ವರ ಬದಲು: ಸ್ಪ್ಯಾನಿಷ್ ವರ್ತಮಾನ ಕಾಲದ ಅನಿಯಮಿತ ಕ್ರಿಯಾಪದಗಳು ಮತ್ತು ಕನ್ನಡದ ಕಿವಿ

(ಸ್ಪ್ಯಾನಿಷ್ ಕಲಿಯುತ್ತಿರುವ ಕನ್ನಡಿಗರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಸ್ನೇಹಿತರೇ,

ಸ್ಪ್ಯಾನಿಷ್ ಕಲಿಯುವ ಕನ್ನಡಿಗರಿಗೆ ಒಂದು ಅನುಕೂಲ ಮೊದಲೇ ಇದೆ. ನಮ್ಮಲ್ಲಿ ಸಿಗುವ ಪಠ್ಯಪುಸ್ತಕಗಳಲ್ಲಿ ಹೆಚ್ಚಿನವು ಇಂಗ್ಲಿಷನ್ನು ಮನೆಮಾತಾಗಿ ಉಳ್ಳವರಿಗಾಗಿ ಬರೆದವು, ಆದ್ದರಿಂದ ಆ ಅನುಕೂಲದ ಮಾತು ಅವುಗಳಲ್ಲಿ ಬರುವುದಿಲ್ಲ. ‘ಮಾಡುತ್ತೇನೆ’ ಎಂದು ಹೇಳಿದ ಮೇಲೆ ಮಾಡುವವರು ಯಾರೆಂದು ಕನ್ನಡದಲ್ಲಿ ಬೇರೆಯಾಗಿ ಹೇಳಬೇಕಿಲ್ಲ, ಕ್ರಿಯಾಪದದ ಕೊನೆಯೇ ಅದನ್ನು ಹೇಳುತ್ತದೆ. ಸ್ಪ್ಯಾನಿಷ್ ಕೂಡ ಹಾಗೆಯೇ. ‘ಆಬ್ಲೊ’ ಎಂದರೆ ಮಾತಾಡುತ್ತೇನೆ, ‘ಆಬ್ಲಸ್’ ಎಂದರೆ ಮಾತಾಡುತ್ತೀಯ, ‘ಅಬ್ಲಾಮೊಸ್’ ಎಂದರೆ ಮಾತಾಡುತ್ತೇವೆ. ಇಂಗ್ಲಿಷಿನ ಮೂಲಕ ಕಲಿತವರು ಪ್ರತಿ ವಾಕ್ಯದ ಆರಂಭದಲ್ಲೂ ‘ನಾನು’ ಎಂಬುದಕ್ಕೆ ಸಮನಾದ ‘ಯೊ’ ಸೇರಿಸುತ್ತಾರೆ. ಕನ್ನಡದ ಮೂಲಕ ಯೋಚಿಸುವವರಿಗೆ ಆ ಅಭ್ಯಾಸ ಹುಟ್ಟುವ ಕಾರಣವೇ ಇಲ್ಲ.

ಇಷ್ಟು ಅನುಕೂಲವಿದ್ದರೂ ‘ಸ್ಪ್ಯಾನಿಷ್ ಕ್ರಿಯಾಪದ ಕಷ್ಟ’ ಎಂಬ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಅದಕ್ಕೆ ಎರಡು ಕಾರಣಗಳಿವೆ ಎಂಬುದು ನನ್ನ ಅಭಿಪ್ರಾಯ. ಅನಿಯಮಿತ ಕ್ರಿಯಾಪದಗಳನ್ನು ಪುಸ್ತಕಗಳು ಅಕಾರಾದಿ ಪಟ್ಟಿಯಾಗಿ ಕೊಡುವುದರಿಂದ ಅವುಗಳ ಒಳಗಿರುವ ಕ್ರಮ ಕಣ್ಣಿಗೆ ಬೀಳುವುದಿಲ್ಲ, ಇದು ಮೊದಲನೆಯದು. ಎರಡನೆಯದು, ಒಂದೇ ಕನ್ನಡ ಕ್ರಿಯಾಪದದ ಅರ್ಥವನ್ನು ಸ್ಪ್ಯಾನಿಷ್ ಎರಡು, ಮೂರು, ಕೆಲವೊಮ್ಮೆ ನಾಲ್ಕು ಕ್ರಿಯಾಪದಗಳಿಗೆ ಹಂಚಿಕೊಟ್ಟಿರುವುದು. ಇಂದಿನ ಮಾತನ್ನು ವರ್ತಮಾನ ಕಾಲಕ್ಕೆ ಸೀಮಿತಗೊಳಿಸಿ ಈ ಎರಡನ್ನೂ ನೋಡೋಣ.

ಮೊದಲು ಬರವಣಿಗೆಯ ವಿಷಯ. ಇಲ್ಲಿ ಸ್ಪ್ಯಾನಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ, ಲ್ಯಾಟಿನ್ ಅಮೆರಿಕದ ಉಚ್ಚಾರಣೆಗೆ ಹತ್ತಿರವಾಗಿ ಕೊಟ್ಟಿದ್ದೇನೆ. ಸ್ಪ್ಯಾನಿಷಿನಲ್ಲಿ ಬಿ ಮತ್ತು ವಿ ಅಕ್ಷರಗಳಿಗೆ ಒಂದೇ ಧ್ವನಿ ಇರುವುದರಿಂದ ಎರಡಕ್ಕೂ ಬಕಾರವನ್ನೇ ಬಳಸಿದ್ದೇನೆ. ಒಂದಕ್ಕಿಂತ ಹೆಚ್ಚು ಸ್ವರವಿರುವ ಪದದಲ್ಲಿ ಒತ್ತು ಬೀಳುವ, ಅಂದರೆ ಉಳಿದವಕ್ಕಿಂತ ಬಲವಾಗಿ ಉಚ್ಚರಿಸುವ, ಸ್ವರವನ್ನು ದೀರ್ಘವಾಗಿ ಬರೆದಿದ್ದೇನೆ. ಸ್ಪ್ಯಾನಿಷಿನಲ್ಲಿ ಹ್ರಸ್ವ ದೀರ್ಘಗಳ ಭೇದವಿಲ್ಲ, ಒತ್ತಿನ ಭೇದವಿದೆ. ಆ ಒತ್ತನ್ನು ತೋರಿಸಲು ನಮ್ಮ ದೀರ್ಘ ಚಿಹ್ನೆಯನ್ನು ಎರವಲು ಪಡೆದಿದ್ದೇನೆ. ಒತ್ತು ಎಷ್ಟು ಮುಖ್ಯವೆಂದರೆ, ‘ಆಬ್ಲೊ’ ಎಂದರೆ ‘ಮಾತಾಡುತ್ತೇನೆ’, ‘ಅಬ್ಲೋ’ ಎಂದರೆ ‘ಅವನು ಮಾತಾಡಿದ’. ಒತ್ತಿನ ಜಾಗವೊಂದು ಬದಲಾದರೆ ಪುರುಷವೂ ಬದಲಾಯಿತು, ಕಾಲವೂ ಬದಲಾಯಿತು.

ಈಗ ‘ಪೊದೇರ್’ ಎಂಬ ಕ್ರಿಯಾಪದವನ್ನು ನೋಡಿ; ಅರ್ಥ, ಸಾಧ್ಯವಾಗು. ಪ್ವೇದೊ, ಪ್ವೇದೆಸ್, ಪ್ವೇದೆ, ಪೊದೇಮೊಸ್, ಪ್ವೇದೆನ್. ಯೋಚಿಸು ಎಂಬ ಅರ್ಥದ ‘ಪೆನ್ಸಾರ್’ ಹೀಗೆ ನಡೆಯುತ್ತದೆ: ಪ್ಯೇನ್ಸೊ, ಪ್ಯೇನ್ಸಸ್, ಪ್ಯೇನ್ಸ, ಪೆನ್ಸಾಮೊಸ್, ಪ್ಯೇನ್ಸನ್. ಧಾತುವಿನ ಸ್ವರದ ಮೇಲೆ ಒತ್ತು ಬಿದ್ದ ಕಡೆಯೆಲ್ಲ ಒಕಾರವು ‘ವೆ’ ಆಗಿದೆ, ಎಕಾರವು ‘ಯೆ’ ಆಗಿದೆ. ‘ನಾವು’ ರೂಪದಲ್ಲಿ ಒತ್ತು ಪ್ರತ್ಯಯಕ್ಕೆ ಜಾರುವುದರಿಂದ ಧಾತು ಮೊದಲಿನಂತೆಯೇ ಉಳಿದಿದೆ. ಪಠ್ಯಪುಸ್ತಕಗಳು ಇವುಗಳನ್ನು ಅನಿಯಮಿತ ಎಂದು ಕರೆದು, ಬದಲಾಗುವ ರೂಪಗಳ ಸುತ್ತ ಒಂದು ಗೆರೆ ಎಳೆದು, ಆ ಗೆರೆಯ ಆಕಾರವನ್ನು ನೆನಪಿಡಿ ಎನ್ನುತ್ತವೆ. ಆಕಾರ ನೆನಪಿಡುವುದಕ್ಕಿಂತ ಕಾರಣ ತಿಳಿಯುವುದು ಸುಲಭ, ಮತ್ತು ಆ ಕಾರಣ ಕಿವಿಗೆ ಕೇಳಿಸುವಂಥದು.

ಕಾರಣ ಲ್ಯಾಟಿನ್ ಭಾಷೆಯಷ್ಟು ಹಳೆಯದು. ಲ್ಯಾಟಿನ್ನಿನ ಹ್ರಸ್ವ ಎಕಾರ ಮತ್ತು ಹ್ರಸ್ವ ಒಕಾರಗಳು ಒತ್ತಿರುವ ಸ್ಥಾನದಲ್ಲಿ ಕಾಸ್ಟೀಲಿಯನ್ ಭಾಷೆಯಲ್ಲಿ (ಸ್ಪ್ಯಾನಿಷಿಗೇ ಇರುವ ಇನ್ನೊಂದು ಹೆಸರು) ಒಡೆದು ‘ಯೆ’, ‘ವೆ’ ಆದವು. ಒತ್ತಿಲ್ಲದ ಸ್ಥಾನದಲ್ಲಿ ಒಡೆಯಲಿಲ್ಲ. ಇದು ಕ್ರಿಯಾಪದಗಳಲ್ಲಿ ಮಾತ್ರ ನಡೆದದ್ದಲ್ಲ. ಏಳು ಎಂಬುದಕ್ಕೆ ‘ಸ್ಯೇತೆ’, ಎಪ್ಪತ್ತು ಎಂಬುದಕ್ಕೆ ‘ಸೆತೇಂತ’. ಒಂಬತ್ತು ‘ನ್ವೇಬೆ’, ತೊಂಬತ್ತು ‘ನೊಬೇಂತ’. ವೆನೆಜುವೆಲಾ ದೇಶವನ್ನು ‘ಬೆನೆಸ್ವೇಲ’ ಎನ್ನುತ್ತಾರೆ, ಅಲ್ಲಿಯವನನ್ನು ‘ಬೆನೆಸೊಲಾನೊ’ ಎನ್ನುತ್ತಾರೆ. ಸಂಖ್ಯೆ ಎಣಿಸಲು ಕಲಿತವರೆಲ್ಲರೂ ಈ ನಿಯಮವನ್ನು ಅರಿವಿಲ್ಲದೆಯೇ ಕಲಿತಿದ್ದಾರೆ.

ಹಾಗಾದರೆ ಎಲ್ಲ ಎಕಾರವೂ ಏಕೆ ಒಡೆಯುವುದಿಲ್ಲ ಎಂದು ಕೇಳಬಹುದು. ಕಳೆದುಕೊಳ್ಳು ಎಂಬ ಅರ್ಥದ ‘ಪೆರ್ದೇರ್’ ‘ಪ್ಯೇರ್ದೊ’ ಆಗುತ್ತದೆ, ಮಾರು ಎಂಬ ಅರ್ಥದ ‘ಬೆಂದೇರ್’ ಮಾತ್ರ ‘ಬೇಂದೊ’ ಆಗಿಯೇ ಉಳಿಯುತ್ತದೆ. ಪ್ರಾಸ ಒಂದೇ, ನಡೆ ಬೇರೆ. ಲ್ಯಾಟಿನ್ನಿನಲ್ಲಿ ಮೊದಲನೆಯದರ ಎಕಾರ ಹ್ರಸ್ವ, ಎರಡನೆಯದರದು ದೀರ್ಘ, ದೀರ್ಘವಾಗಿದ್ದದ್ದು ಒಡೆಯಲಿಲ್ಲ. ಇಂದಿನ ಸ್ಪ್ಯಾನಿಷ್ ಮೂಲರೂಪವನ್ನು ನೋಡಿ ಇದನ್ನು ಊಹಿಸಲಾಗದು ಎಂಬುದು ನಿಜ. ಆದುದರಿಂದ ಹೊಸ ಕ್ರಿಯಾಪದವನ್ನು ಮೂಲರೂಪದಲ್ಲಿ ಒಂಟಿಯಾಗಿ ಎಂದೂ ಬರೆದುಕೊಳ್ಳಬೇಡಿ, ಉತ್ತಮ ಪುರುಷದ ಏಕವಚನವನ್ನು ಅದರ ಜೊತೆಯಲ್ಲೇ ಬರೆದುಕೊಳ್ಳಿ. ಆಟವಾಡು ಎಂಬ ಅರ್ಥದ ‘ಹುಗಾರ್’ ‘ಹ್ವೇಗೊ’ ಆಗುವುದೂ ಇದೇ ಗುಂಪಿನದು. ಉಕಾರವು ‘ವೆ’ ಆಗುವ ಸ್ಪ್ಯಾನಿಷ್ ಕ್ರಿಯಾಪದ ಇದೊಂದೇ. ಇದರ ಲ್ಯಾಟಿನ್ ಮೂಲದಲ್ಲಿ ಇದ್ದದ್ದೂ ಒಕಾರವೇ.

ಮೂಲರೂಪ ‘ಇರ್’ ಎಂದು ಮುಗಿಯುವ ಕೆಲವು ಕ್ರಿಯಾಪದಗಳಲ್ಲಿ ಎಕಾರ ಒಡೆಯದೆ ಇಕಾರವಾಗುತ್ತದೆ. ಬೇಡು ಅಥವಾ ಕೇಳಿ ಪಡೆ ಎಂಬ ‘ಪೆದೀರ್’: ಪೀದೊ, ಪೀದೆಸ್, ಪೀದೆ, ಪೆದೀಮೊಸ್, ಪೀದೆನ್. ಬಡಿಸು ಎಂಬ ‘ಸೆರ್ಬೀರ್’, ಮತ್ತೆ ಹೇಳು ಎಂಬ ‘ರೆಪೆತೀರ್’, ಹಿಂಬಾಲಿಸು ಎಂಬ ‘ಸೆಗೀರ್’, ಅಳೆ ಎಂಬ ‘ಮೆದೀರ್’ ಇದೇ ದಾರಿಯವು. ಇಲ್ಲಿಯೂ ಒತ್ತು ಧಾತುವಿನ ಮೇಲಿದ್ದಾಗಲೇ ಬದಲಾವಣೆ.

ಇನ್ನು ‘ನಾನು’ ರೂಪ ಮಾತ್ರ ಬೇರೆ ದಾರಿ ಹಿಡಿಯುವ ಗುಂಪು. ‘ತೆನೇರ್’ ಎಂದರೆ ಹೊಂದಿರು, ಅದು ‘ತೇಂಗೊ’ ಆಗುತ್ತದೆ. ಬಾ ಎಂಬ ‘ಬೆನೀರ್’ ‘ಬೇಂಗೊ’. ಇಡು ಎಂಬ ‘ಪೊನೇರ್’ ‘ಪೋಂಗೊ’. ಹೊರಡು ಎಂಬ ‘ಸಲೀರ್’ ‘ಸಾಲ್ಗೊ’. ಮಾಡು ಎಂಬ ‘ಅಸೇರ್’ ‘ಆಗೊ’. ಹೇಳು ಎಂಬ ‘ದೆಸೀರ್’ ‘ದೀಗೊ’. ಇವುಗಳಲ್ಲಿ ‘ದೀಗೊ’ ರೂಪದ ಗಕಾರ ಲ್ಯಾಟಿನ್ನಿನ ಕಕಾರ ಮೆತ್ತಗಾಗಿ ಬಂದದ್ದು, ಅದು ಅದರ ಸ್ವಂತದ್ದು. ‘ಪೋಂಗೊ’ ರೂಪದ ಗಕಾರ ಹಾಗಲ್ಲ. ಲ್ಯಾಟಿನ್ ‘ಪೋನೊ’ದಲ್ಲಿ ಅದರ ಸುಳಿವೇ ಇಲ್ಲ, ಜೊತೆಯ ಕ್ರಿಯಾಪದಗಳನ್ನು ನೋಡಿ ಜನರ ಮಾತಿನಲ್ಲಿ ಅದು ಸೇರಿಕೊಂಡಿತು. ಹಳೆಯ ಸ್ಪ್ಯಾನಿಷಿನಲ್ಲಿ ಕೇಳಿಸಿಕೊಳ್ಳುತ್ತೇನೆ ಎಂಬುದಕ್ಕೆ ‘ಓಯೊ’ ಎನ್ನುತ್ತಿದ್ದರು, ಇಂದು ‘ಓಯ್ಗೊ’ ಎನ್ನುತ್ತಾರೆ. ಎಷ್ಟೋ ಶತಮಾನಗಳ ಕಾಲ ಆ ಭಾಷೆಯನ್ನಾಡಿದ ಜನರೇ ಕ್ರಿಯಾಪದಗಳನ್ನು ಗುಂಪು ಗುಂಪಾಗಿ ಕಂಡರು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ನಾವು ಪಟ್ಟಿಯಾಗಿ ಕಲಿಯುವುದನ್ನು ಬಿಟ್ಟು ಗುಂಪಾಗಿ ಕಲಿಯುವುದು ಭಾಷೆಯ ಸ್ವಭಾವಕ್ಕೆ ಒಪ್ಪುವ ಕ್ರಮ. ಪರಿಚಯವಿರು ಎಂಬ ‘ಕೊನೊಸೇರ್’ ‘ಕೊನೋಸ್ಕೊ’ ಆಗುವುದು, ಅನುವಾದಿಸು ಎಂಬ ‘ತ್ರದುಸೀರ್’ ‘ತ್ರದೂಸ್ಕೊ’ ಆಗುವುದು ಇಂಥದೇ ಇನ್ನೊಂದು ಗುಂಪು.

ಈ ಎಲ್ಲವನ್ನೂ ಒಟ್ಟಿಗೆ ಹಿಡಿಯುವ ಒಂದು ಅಭ್ಯಾಸವನ್ನು ನಾನು ಶಿಫಾರಸು ಮಾಡುತ್ತೇನೆ. ಪ್ರತಿ ಕ್ರಿಯಾಪದದ ಎಲ್ಲ ರೂಪಗಳನ್ನೂ ಬಾಯಿಪಾಠ ಮಾಡಬೇಡಿ. ‘ನಾನು’, ‘ನೀನು’, ‘ನಾವು’ ಎಂಬ ಮೂರು ರೂಪಗಳನ್ನು ಒಂದೇ ಉಸಿರಿನಲ್ಲಿ ಹೇಳಿ. ತೇಂಗೊ, ತ್ಯೇನೆಸ್, ತೆನೇಮೊಸ್. ದೀಗೊ, ದೀಸೆಸ್, ದೆಸೀಮೊಸ್. ಓಯ್ಗೊ, ಓಯೆಸ್, ಒಯೀಮೊಸ್. ವಿಶೇಷವಾದದ್ದೇನಾದರೂ ಇದ್ದರೆ ಅದು ‘ನಾನು’ ರೂಪದಲ್ಲಿ ಸಿಗುತ್ತದೆ. ಒತ್ತು ಧಾತುವಿನ ಮೇಲೆ ಬಿದ್ದಾಗ ಏನಾಗುತ್ತದೆ ಎಂಬುದು ‘ನೀನು’ ರೂಪದಲ್ಲಿ ಸಿಗುತ್ತದೆ, ಅದರಿಂದ ‘ಅವನು’ ಮತ್ತು ‘ಅವರು’ ರೂಪಗಳು ತಾವಾಗಿಯೇ ಬರುತ್ತವೆ. ಒತ್ತು ಜಾರಿದಾಗ ಉಳಿಯುವ ಧಾತು ‘ನಾವು’ ರೂಪದಲ್ಲಿ ಸಿಗುತ್ತದೆ. ಈ ಲೆಕ್ಕಕ್ಕೆ ಒಗ್ಗದೆ ಉಳಿಯುವುದು ಮುಖ್ಯವಾಗಿ ಇರು ಎಂಬ ‘ಸೆರ್’. ಸೊಯ್, ಏರೆಸ್, ಎಸ್, ಸೋಮೊಸ್, ಸೊನ್ ಎಂಬ ರೂಪಗಳನ್ನು ಹಾಗೆಯೇ ಕಲಿಯಬೇಕು. ಅದರಲ್ಲಿಯೂ ‘ಏರೆಸ್’ ಎಂಬುದು ಲ್ಯಾಟಿನ್ನಿನ ಭವಿಷ್ಯತ್ ರೂಪದಿಂದ ಬಂದದ್ದು ಎಂಬುದು ಗಮನಿಸಬೇಕಾದ ಸಂಗತಿ: ಲ್ಯಾಟಿನ್ನಿನ ‘ನೀನು’ ಮತ್ತು ‘ಅವನು’ ರೂಪಗಳೆರಡೂ ಸವೆದು ಒಂದೇ ‘ಎಸ್’ ಆಗಿ ಗೊಂದಲವಾಗುವ ಪರಿಸ್ಥಿತಿಯಲ್ಲಿ, ಭಾಷೆ ಬೇರೆ ಕಾಲದ ರೂಪವೊಂದನ್ನು ಇಲ್ಲಿಗೆ ತಂದುಕೊಂಡಿತು.

ಹೋಗು ಎಂಬ ‘ಇರ್’ ಕ್ರಿಯಾಪದದ ರೂಪಗಳೂ ಮೂಲರೂಪವನ್ನು ಹೋಲುವುದಿಲ್ಲ. ಬೊಯ್, ಬಾಸ್, ಬಾ, ಬಾಮೊಸ್, ಬಾನ್. ಕನ್ನಡಿಗರು ಇಲ್ಲಿ ಒಂದು ಕ್ಷಣ ನಿಲ್ಲುತ್ತಾರೆ, ಏಕೆಂದರೆ ‘ಬಾ’ ಎಂಬುದು ಸ್ಪ್ಯಾನಿಷಿನಲ್ಲಿ ‘ಹೋಗುತ್ತಾನೆ’. ಇದರ ಪಕ್ಕದಲ್ಲೇ ನೋಡು ಎಂಬ ‘ಬೆರ್’ ಇದೆ: ಬೇಯೊ, ಬೆಸ್, ಬೆ, ಬೇಮೊಸ್, ಬೆನ್. ಬರುವ ಕ್ರಿಯೆಯದು ಬೇಂಗೊ, ಬ್ಯೇನೆಸ್, ಬ್ಯೇನೆ, ಬೆನೀಮೊಸ್, ಬ್ಯೇನೆನ್. ಮೂರೂ ಬಕಾರದಿಂದ ಆರಂಭವಾಗುವ ಚಿಕ್ಕ ಪದಗಳಾದ್ದರಿಂದ ವೇಗದ ಮಾತಿನಲ್ಲಿ ಒಂದರ ಮೇಲೊಂದು ಬೀಳುತ್ತವೆ. ಸ್ವರವನ್ನು ಹಿಡಿದರೆ ದಾರಿ ಸಿಗುತ್ತದೆ. ‘ನಾನು’ ರೂಪವನ್ನು ಪಕ್ಕಕ್ಕಿಟ್ಟರೆ, ಆಕಾರ ಕೇಳಿಸಿದಲ್ಲಿ ಹೋಗುವುದು, ಬರಿಯ ಎಕಾರ ಕೇಳಿಸಿದಲ್ಲಿ ನೋಡುವುದು, ನಕಾರದ ಮುಂದೆ ಇನ್ನೊಂದು ಸ್ವರ ಕೇಳಿಸಿದಲ್ಲಿ ಬರುವುದು. ಇದಕ್ಕೆ ಹೊರತಾದ ಒಂದು ರೂಪವನ್ನು ಪ್ರತ್ಯೇಕವಾಗಿ ನೆನಪಿಡಬೇಕು. ‘ಬೆನ್’ ಎಂದರೆ ‘ಅವರು ನೋಡುತ್ತಾರೆ’, ಅದೇ ‘ಬೆನ್’ ಎಂದರೆ ‘ಇಲ್ಲಿ ಬಾ’ ಎಂಬ ಆಜ್ಞೆ ಕೂಡ.

ರೂಪದಲ್ಲಿ ಪೂರ್ತಿ ಒಂದಾಗಿಬಿಡುವ ಜೋಡಿಗಳು ಇನ್ನೂ ಕೆಲವಿವೆ. ಅನುಭವಿಸು ಎಂಬ ‘ಸೆಂತೀರ್’, ಕೂರಿಸು ಎಂಬ ‘ಸೆಂತಾರ್’ ಎರಡಕ್ಕೂ ‘ನಾನು’ ರೂಪ ‘ಸ್ಯೇಂತೊ’. ‘ಮೆ ಸ್ಯೇಂತೊ ಬ್ಯೇನ್’ ಎಂದರೆ ನನಗೆ ಆರಾಮ ಅನ್ನಿಸುತ್ತಿದೆ. ‘ಮೆ ಸ್ಯೇಂತೊ ಅಕೀ’ ಎಂದರೆ ಇಲ್ಲಿ ಕೂರುತ್ತೇನೆ. ಗೊಂದಲ ಇದೊಂದು ರೂಪದಲ್ಲಿ ಮಾತ್ರ. ‘ನೀನು’ ರೂಪಕ್ಕೆ ಬಂದ ಕೂಡಲೇ ‘ಸ್ಯೇಂತೆಸ್’, ‘ಸ್ಯೇಂತಸ್’ ಎಂದು ದಾರಿಗಳು ಬೇರೆಯಾಗುತ್ತವೆ. ನಂಬು ಎಂಬ ‘ಕ್ರೆಯೇರ್’, ಸೃಷ್ಟಿಸು ಎಂಬ ‘ಕ್ರೆಯಾರ್’ ಎರಡೂ ‘ಕ್ರೇಯೊ’ ಆಗುತ್ತವೆ. ಸೇಡು ತೀರಿಸು ಎಂಬ ‘ಬೆಂಗಾರ್’ ಕ್ರಿಯಾಪದದ ‘ನಾನು’ ರೂಪ ಕೂಡ ‘ಬೇಂಗೊ’ವೇ. ಮೂಲರೂಪದಲ್ಲಿ ಒಂದಾಗಿ ರೂಪಗಳಲ್ಲಿ ಬೇರೆಯಾಗುವ ಜೋಡಿಯೂ ಉಂಟು: ಹೊಲಿಗೆಯ ‘ಕೊಸೇರ್’, ಬೇಯಿಸುವ ‘ಕೊಸೇರ್’. ಬರವಣಿಗೆಯಲ್ಲಿ ಇವು ಬೇರೆ, ಸ್ಪೇನಿನ ಬಹುಭಾಗದಲ್ಲಿ ಉಚ್ಚಾರಣೆಯಲ್ಲೂ ಬೇರೆ, ಲ್ಯಾಟಿನ್ ಅಮೆರಿಕದಲ್ಲಿ ಕಿವಿಗೆ ಒಂದೇ. ಆದರೆ ಹೊಲಿಯುತ್ತೇನೆ ಎಂದರೆ ‘ಕೋಸೊ’, ಬೇಯಿಸುತ್ತೇನೆ ಎಂದರೆ ‘ಕ್ವೇಸೊ’; ಇಲ್ಲಿ ಅನಿಯಮಿತತೆಯೇ ಅರ್ಥವನ್ನು ಕಾಪಾಡುತ್ತಿದೆ.

ಇಲ್ಲಿಯವರೆಗಿನ ಗೊಂದಲ ಸ್ಪ್ಯಾನಿಷಿನ ಒಳಗಿನದು, ಯಾವ ನಾಡಿನ ಕಲಿಕಾರ್ಥಿಗೂ ಸಮಾನ. ಮುಂದಿನದು ನಮ್ಮದು, ಅದನ್ನು ನಾವೇ ಬಿಡಿಸಿಕೊಳ್ಳಬೇಕು.

ಕನ್ನಡದ ‘ಕೇಳು’ ಎಂಬ ಕ್ರಿಯಾಪದವನ್ನು ತೆಗೆದುಕೊಳ್ಳಿ. ನಾವು ಪ್ರಶ್ನೆ ಕೇಳುತ್ತೇವೆ, ಸಾಲ ಕೇಳುತ್ತೇವೆ, ಸದ್ದು ಕೇಳುತ್ತದೆ, ಸಂಗೀತ ಕೇಳುತ್ತೇವೆ. ಸ್ಪ್ಯಾನಿಷಿನಲ್ಲಿ ಪ್ರಶ್ನೆಗೆ ‘ಪ್ರೆಗುಂತಾರ್’, ಸಾಲಕ್ಕೆ ‘ಪೆದೀರ್’, ಸದ್ದು ಕಿವಿಗೆ ಬೀಳುವುದಕ್ಕೆ ‘ಒಯೀರ್’, ಗಮನವಿಟ್ಟು ಸಂಗೀತ ಆಲಿಸುವುದಕ್ಕೆ ‘ಎಸ್ಕುಚಾರ್’. ಇವುಗಳಲ್ಲಿ ಮೊದಲನೆಯದು ಮತ್ತು ಕೊನೆಯದು ನಿಯಮಿತ, ನಡುವಿನ ಎರಡು ಅನಿಯಮಿತ. ಹೋಟೆಲಿನಲ್ಲಿ ಕಾಫಿ ಕೇಳುವಾಗ ‘ಪ್ರೆಗೂಂತೊ’ ಎಂದರೆ ಕಾಫಿಯನ್ನು ಪ್ರಶ್ನಿಸಿದಂತಾಗುತ್ತದೆ; ಅಲ್ಲಿ ಬೇಕಾದದ್ದು ‘ಪೀದೊ’.

‘ಗೊತ್ತು’ ಎಂಬುದರ ಕಥೆ ಹೆಚ್ಚು ಸ್ವಾರಸ್ಯಕರ. ಉತ್ತರ ಗೊತ್ತು ಎಂದರೆ ‘ಸಬೇರ್’, ಅದರ ‘ನಾನು’ ರೂಪ ‘ಸೇ’. ಆ ಮನುಷ್ಯ ಗೊತ್ತು, ಆ ಊರು ಗೊತ್ತು ಎಂದರೆ ‘ಕೊನೊಸೇರ್’, ‘ಕೊನೋಸ್ಕೊ’. ಇಲ್ಲಿ ಕನ್ನಡ ನಮಗೆ ನೆರವಾಗುವುದಿಲ್ಲ. ಆದರೆ ಪಕ್ಕದಲ್ಲೇ ಅದು ತುಂಬಾ ನೆರವಾಗುವ ಜಾಗವಿದೆ. ‘ನನಗೆ ಈಜಲು ಬರುತ್ತದೆ, ಆದರೆ ಇವತ್ತು ಆಗುವುದಿಲ್ಲ’ ಎಂಬ ವಾಕ್ಯದಲ್ಲಿ ನಾವು ‘ಬರುತ್ತದೆ’, ‘ಆಗುತ್ತದೆ’ ಎಂದು ಎರಡು ಬಗೆಯ ಸಾಮರ್ಥ್ಯಗಳನ್ನು ಬೇರ್ಪಡಿಸುತ್ತೇವೆ: ಒಂದು ಕಲಿತು ಬಂದದ್ದು, ಇನ್ನೊಂದು ಈ ಹೊತ್ತಿನ ಸಾಧ್ಯತೆ. ಸ್ಪ್ಯಾನಿಷ್ ಸರಿಯಾಗಿ ಅದೇ ಗೆರೆಯನ್ನು ಎಳೆಯುತ್ತದೆ. ‘ಸೇ ನದಾರ್, ಪೇರೊ ಓಯ್ ನೊ ಪ್ವೇದೊ’. ಕಲಿತ ವಿದ್ಯೆಗೆ ‘ಸಬೇರ್’, ಸಾಧ್ಯತೆಗೆ ‘ಪೊದೇರ್’. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಸಹಾಯಕ ಪದವಿರುವುದರಿಂದ ಇಂಗ್ಲಿಷಿನ ಮೂಲಕ ಕಲಿಯುವವರು ಇಲ್ಲಿ ಎಡವುತ್ತಾರೆ. ಅವರಿಗಾಗಿ ಬರೆದ ಪುಸ್ತಕ ಓದಿ ನಾವೂ ಅನಾವಶ್ಯಕವಾಗಿ ಎಡವುತ್ತೇವೆ.

ಎಲ್ಲಕ್ಕಿಂತ ದೊಡ್ಡ ಹಂಚಿಕೆ ನಮ್ಮ ‘ಇರು’ ಕ್ರಿಯಾಪದದ್ದು. ‘ಸೆರ್’ ಮತ್ತು ‘ಎಸ್ತಾರ್’ ನಡುವಿನ ಭೇದವನ್ನು ಶಾಶ್ವತ ಮತ್ತು ತಾತ್ಕಾಲಿಕ ಎಂದು ವಿವರಿಸುವುದು ರೂಢಿ. ಆ ವಿವರಣೆಯನ್ನು ನಾನು ಒಪ್ಪುವುದಿಲ್ಲ. ಮ್ಯಾಡ್ರಿಡ್ ನಗರ ಸ್ಪೇನಿನಲ್ಲಿರುವುದು ತಾತ್ಕಾಲಿಕವಲ್ಲ, ಆದರೂ ಅದಕ್ಕೆ ‘ಎಸ್ತಾ’; ಒಬ್ಬರು ತೀರಿಕೊಂಡಿದ್ದಾರೆ ಎಂಬುದು ಮತ್ತೆ ಬದಲಾಗುವ ಸ್ಥಿತಿಯಲ್ಲ, ಅದಕ್ಕೂ ‘ಎಸ್ತಾ’; ಯೌವನ ಕಳೆದುಹೋಗುವಂಥದು, ಆದರೂ ಅವಳು ಯುವತಿ ಎಂಬುದಕ್ಕೆ ‘ಎಸ್’. ಕನ್ನಡದಿಂದ ಹೊರಟರೆ ಬೇರೆ ದಾರಿ ಕಾಣುತ್ತದೆ. ‘ಅವಳು ವೈದ್ಯೆ’, ‘ನಾನು ಕನ್ನಡಿಗ’, ‘ಇದು ಪುಸ್ತಕ’ ಎಂಬ ವಾಕ್ಯಗಳಲ್ಲಿ ನಾವು ಕ್ರಿಯಾಪದವನ್ನೇ ಬಳಸುವುದಿಲ್ಲ. ಅಲ್ಲೆಲ್ಲ ಸ್ಪ್ಯಾನಿಷಿನಲ್ಲಿ ‘ಸೆರ್’. ‘ಅವಳು ಆಸ್ಪತ್ರೆಯಲ್ಲಿದ್ದಾಳೆ’, ‘ಬಾಗಿಲು ತೆರೆದಿದೆ’, ‘ಚೆನ್ನಾಗಿದ್ದೇನೆ’ ಎಂದು ‘ಇರು’ ಬಂದ ಕಡೆ ‘ಎಸ್ತಾರ್’. ‘ಎಸ್ತಾರ್’ ಪದದ ಲ್ಯಾಟಿನ್ ಮೂಲಕ್ಕೆ ‘ನಿಂತಿರು’ ಎಂಬ ಅರ್ಥವಿತ್ತು. ಎಲ್ಲಿ, ಯಾವ ಸ್ಥಿತಿಯಲ್ಲಿ ಎಂಬ ಎರಡೂ ಅರ್ಥಗಳು ಅದರಿಂದಲೇ ಹರಿದು ಬಂದಿವೆ.

ಈ ಸೂತ್ರ ಬಹುದೂರ ಕರೆದೊಯ್ಯುತ್ತದೆ, ಪೂರ್ತಿಯಾಗಿ ಅಲ್ಲ. ಗುಣವಾಚಕಗಳ ಬಳಿ ಎಚ್ಚರ ಬೇಕು. ‘ಅವನು ಎತ್ತರ ಇದ್ದಾನೆ’ ಎಂದು ನಾವು ಹೇಳಿದರೂ ಸ್ಪ್ಯಾನಿಷಿನಲ್ಲಿ ಅದು ‘ಎಸ್ ಆಲ್ತೊ’, ಏಕೆಂದರೆ ಅಲ್ಲಿ ಹೇಳುತ್ತಿರುವುದು ಅವನು ಎಂಥವನು ಎಂಬುದನ್ನು. ‘ಎಸ್ ಲೀಸ್ತೊ’ ಎಂದರೆ ಜಾಣ, ‘ಎಸ್ತಾ ಲೀಸ್ತೊ’ ಎಂದರೆ ಸಿದ್ಧನಾಗಿದ್ದಾನೆ. ‘ಎಸ್ ರೀಕೊ’ ಎಂದರೆ ಶ್ರೀಮಂತ, ಊಟದ ಬಗ್ಗೆ ‘ಎಸ್ತಾ ರೀಕೊ’ ಎಂದರೆ ರುಚಿಯಾಗಿದೆ. ಇನ್ನೊಂದು ಹೊರತು, ನಡೆಯುವ ಕಾರ್ಯಕ್ರಮಗಳದು. ಸಭೆ ಇಂಥ ಕಡೆ ಇದೆ ಎನ್ನುವಾಗ ‘ಎಸ್’ ಬರುತ್ತದೆ, ಕಟ್ಟಡ ಇಂಥ ಕಡೆ ಇದೆ ಎನ್ನುವಾಗ ‘ಎಸ್ತಾ’.

‘ಇರು’ ಇನ್ನೂ ಎರಡು ಪಾಲಾಗುತ್ತದೆ. ‘ಪುಸ್ತಕ ಮೇಜಿನ ಮೇಲಿದೆ’ ಎಂದು ಗೊತ್ತಿರುವ ಪುಸ್ತಕದ ಬಗ್ಗೆ ಹೇಳಿದರೆ ‘ಎಸ್ತಾ’. ‘ಮೇಜಿನ ಮೇಲೆ ಒಂದು ಪುಸ್ತಕ ಇದೆ’ ಎಂದು ಹೊಸದಾಗಿ ತಿಳಿಸಿದರೆ ‘ಆಯ್’. ಅದು ಏಕವಚನ ಬಹುವಚನಗಳಿಗೆ ಬದಲಾಗುವುದಿಲ್ಲ. ‘ನನಗೆ ಇಬ್ಬರು ಮಕ್ಕಳಿದ್ದಾರೆ’, ‘ನನಗೆ ಇಪ್ಪತ್ತು ವರ್ಷ’, ‘ನನಗೆ ಹಸಿವಾಗಿದೆ’ ಎಂಬ ಮೂರಕ್ಕೂ ‘ತೇಂಗೊ’. ನಾವು ‘ನನಗೆ’ ಎಂದು ಆರಂಭಿಸುವ ವಾಕ್ಯಗಳಲ್ಲಿ ಅನೇಕವು ‘ತೇಂಗೊ’ ಆಗುತ್ತವೆ ಎಂಬುದು ಆರಂಭದ ದಿನಗಳಲ್ಲಿ ಒಳ್ಳೆಯ ಊರುಗೋಲು.

ಹೋಗು ಮತ್ತು ಬಾ ವಿಷಯದಲ್ಲಿ ಒಂದು ಮಾತು. ಒಳಗಿನಿಂದ ಯಾರಾದರೂ ಕೂಗಿದರೆ ನಾವು ‘ಬಂದೆ’ ಎನ್ನುತ್ತೇವೆ. ಮನೆಯಿಂದ ಹೊರಡುವಾಗ ‘ಬರುತ್ತೇನೆ’ ಎನ್ನುತ್ತೇವೆ. ಸ್ಪ್ಯಾನಿಷಿನಲ್ಲಿ ‘ಬೆನೀರ್’ ಸಾಮಾನ್ಯವಾಗಿ ಮಾತಾಡುವವರು ಇರುವ ಜಾಗದ ಕಡೆಗಿನ ಚಲನೆ. ಕರೆಗೆ ಓಗೊಡುವವರು ತಾವಿರುವ ಜಾಗವನ್ನು ಬಿಟ್ಟು ಹೊರಡುವುದರಿಂದ ‘ಯಾ ಬೊಯ್’, ಅಂದರೆ ‘ಈಗಲೇ ಹೋಗುತ್ತೇನೆ’ ಎನ್ನಬೇಕು. ಈ ಒಂದನ್ನು ಬಾಯಿಗೆ ಹತ್ತಿಸಿಕೊಳ್ಳುವುದಕ್ಕೆ ಕನ್ನಡಿಗರು ವ್ಯಾಕರಣಕ್ಕಿಂತ ಹೆಚ್ಚಾಗಿ ತಮ್ಮ ಸೌಜನ್ಯದ ಅಭ್ಯಾಸದೊಂದಿಗೆ ಸೆಣಸಬೇಕಾಗುತ್ತದೆ.

ಅಭ್ಯಾಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗೊಂದಲದ ಜೋಡಿಗಳನ್ನು ಒಂದೇ ದಿನ ಅಕ್ಕಪಕ್ಕದಲ್ಲಿಟ್ಟು ಕಲಿಯಬೇಡಿ. ‘ಸೆಂತೀರ್’ ವಾಕ್ಯಗಳಲ್ಲಿ ಗಟ್ಟಿಯಾದ ಮೇಲೆ ‘ಸೆಂತಾರ್’ ತೆಗೆದುಕೊಳ್ಳಿ. ಓದುವಾಗ ಗಟ್ಟಿಯಾಗಿ ಓದಿ. ಸ್ಪ್ಯಾನಿಷ್ ಬರಹದಲ್ಲಿ ಒತ್ತಿನ ನಿಯಮ ಸರಳ: ಸ್ವರ, ನಕಾರ ಅಥವಾ ಸಕಾರದಿಂದ ಮುಗಿಯುವ ಪದದಲ್ಲಿ ಕೊನೆಯಿಂದ ಎರಡನೆಯ ಸ್ವರಕ್ಕೆ ಒತ್ತು, ಉಳಿದವುಗಳಲ್ಲಿ ಕೊನೆಯ ಸ್ವರಕ್ಕೆ, ಇದನ್ನು ಮೀರಿದಾಗ ಅಕ್ಷರದ ಮೇಲೆ ಗುರುತು ಹಾಕಿರುತ್ತಾರೆ. ಮೌನವಾಗಿ ಓದಿದವರಿಗೆ ‘ಪ್ವೇದೊ’, ‘ಪೊದೇಮೊಸ್’ ಎರಡು ಕಾಗುಣಿತಗಳಾಗಿ ಉಳಿಯುತ್ತವೆ. ಗಟ್ಟಿಯಾಗಿ ಓದಿದವರಿಗೆ ಒಂದೇ ಧಾತುವಾಗಿ ಕೇಳಿಸುತ್ತವೆ.

ಉಪನ್ಯಾಸದ ಬಳಿಕ ಕೆಲಸಕ್ಕಾಗಿ ಅರ್ಜೆಂಟೀನಾಗೆ ಹೊರಟಿರುವ ಒಬ್ಬರು, ಅಲ್ಲಿ ‘ನೀನು’ ಎಂಬುದಕ್ಕೆ ‘ತೂ’ ಬದಲು ‘ಬೋಸ್’ ಬಳಸುತ್ತಾರಂತೆ, ಕಲಿತದ್ದೆಲ್ಲ ಮತ್ತೆ ಕಲಿಯಬೇಕೇ ಎಂದು ಕೇಳಿದರು. ಬೇಡ. ಅರ್ಜೆಂಟೀನಾ, ಉರುಗ್ವೆ, ಪರಾಗ್ವೆಗಳಲ್ಲಿ ಮತ್ತು ಮಧ್ಯ ಅಮೆರಿಕದ ಹಲವೆಡೆ ‘ಬೋಸ್’ ಬಳಕೆಯಲ್ಲಿದೆ, ಮತ್ತು ಅರ್ಜೆಂಟೀನಾದಲ್ಲಿ ಅದರ ವರ್ತಮಾನ ರೂಪಗಳಲ್ಲಿ ಒತ್ತು ಸದಾ ಪ್ರತ್ಯಯದ ಮೇಲಿರುತ್ತದೆ. ಒತ್ತು ಧಾತುವಿನ ಮೇಲೆ ಇಲ್ಲದ್ದರಿಂದ ಸ್ವರ ಒಡೆಯುವುದೂ ಇಲ್ಲ. ‘ಪ್ವೇದೆಸ್’ ಅಲ್ಲಿ ‘ಪೊದೇಸ್’ ಆಗುತ್ತದೆ, ‘ತ್ಯೇನೆಸ್’ ‘ತೆನೇಸ್’ ಆಗುತ್ತದೆ, ‘ಪ್ಯೇನ್ಸಸ್’ ‘ಪೆನ್ಸಾಸ್’ ಆಗುತ್ತದೆ. ಮೂಲರೂಪದ ಕೊನೆಯ ರಕಾರವನ್ನು ತೆಗೆದು ಸಕಾರ ಇಟ್ಟರೆ ಹೆಚ್ಚಿನ ಎಲ್ಲ ಕ್ರಿಯಾಪದಗಳಿಗೂ ರೂಪ ಸಿದ್ಧ. ಬೇರೆಯಾಗಿ ಕಲಿಯಬೇಕಾದವು ಎರಡು: ‘ಏರೆಸ್’ ಬದಲು ‘ಸೋಸ್’ ಎನ್ನಬೇಕು, ಹೋಗು ಎಂಬುದಕ್ಕೆ ‘ಬಾಸ್’ ಎಂಬುದೇ ಉಳಿಯುತ್ತದೆ.